‘ಕೋಡಿ’ ಶಬ್ದದ ಅರ್ಥ ಮತ್ತು ಪ್ರಯೋಗ

1

ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಕಾದಂಬರಿಯ ಕಥೆ ನಡೆಯುವ ಊರಿನ ಹೆಸರು ಕೋಡಿ. 1940ರ ದಶಕದ ಆರಂಭದಲ್ಲಿ ಪ್ರಕಟವಾದ ಈ ಕೃತಿಯನ್ನು ಮೈಸೂರು, ಧಾರವಾಡಗಳ ಕಡೆಯ ವಾಚಕರೂ ಕರಾವಳಿಯ ವಾಚಕರೂ ಒಂದೇ ಆದರದಿಂದ ಓದುತ್ತ ಬಂದಿದ್ದಾರೆ. ಆದರೆ ಊರಿನ ಹೆಸರು ಈ ಎರಡು ಬಗೆಯ ವಾಚಕರ ಮನಸ್ಸಿನಲ್ಲಿ ಒಂದೇ ಚಿತ್ರವನ್ನು ಮೂಡಿಸುವುದಿಲ್ಲ. ಬಯಲುಸೀಮೆಯವನಿಗೆ ಕೋಡಿಯೆಂದರೆ ಕೆರೆ ತುಂಬಿದಾಗ ಮಿಕ್ಕ ನೀರು ಹರಿದುಹೋಗುವ ತಾಣ. ಕುಂದಾಪುರದ ಕಡೆಯವನಿಗೆ ಕೋಡಿಯೆಂದರೆ ಕಡಲಿಗೂ ಹೊಳೆಗೂ ನಡುವೆ ಚಾಚಿಕೊಂಡ ಮರಳುನೆಲದ ತುದಿ. ಮೊದಲನೆಯವನು ಕಾದಂಬರಿಯಲ್ಲಿ ಕೆರೆಯನ್ನು ಕಾಣದೆ, ಇದೊಂದು ಅರ್ಥವಿಲ್ಲದ ಅಂಕಿತನಾಮವೆಂದು ಭಾವಿಸಿ ಮುಂದೆ ಸಾಗುತ್ತಾನೆ. ಎರಡನೆಯವನಿಗಾದರೋ ಹೆಸರು ಕೇಳಿದೊಡನೆಯೇ ಊರಿನ ಸ್ಥಿತಿಗತಿಗಳೆಲ್ಲ ತಿಳಿದುಹೋಗುತ್ತವೆ.

ಒಂದೇ ನುಡಿಯನ್ನಾಡುವ ಎರಡು ನೆಲಗಳವರು ಒಂದು ಶಬ್ದವನ್ನು ಹೀಗೆ ಬೇರೆಬೇರೆಯಾಗಿ ಕೇಳುವುದು ಆಶ್ಚರ್ಯವೇನಲ್ಲ. ಅವೆರಡರಲ್ಲಿ ಒಂದು ಅರ್ಥವೇ ಬರೆಹದ ಕನ್ನಡವಾಗಿ ನಿಂತು, ಇನ್ನೊಂದು ಕೇವಲ ಊರ ಹೆಸರಾಗಿ ಉಳಿದಿರುವುದು ಮಾತ್ರ ವಿಚಾರಾರ್ಹವಾದ ಸಂಗತಿ. ಕರಾವಳಿಯ ನೆಲರೂಪಗಳನ್ನು ಹೆಸರಿಸಬೇಕಾದಾಗ ಪಠ್ಯಪುಸ್ತಕವೂ ವೃತ್ತಪತ್ರಿಕೆಯೂ ‘ಭೂಶಿರ’ವೆಂಬ ಒಂದೇ ಸಂಸ್ಕೃತ ಪದಕ್ಕೆ ಕೈಚಾಚುತ್ತವೆ. ಆ ನೆಲದ ಮೇಲೆಯೇ ಬಾಳಿದವರ ಬಾಯಲ್ಲಿರುವ ಕೋಡಿ, ಬೆಂಗ್ರೆ, ಅಳಿವೆ, ಕುದ್ರು ಎಂಬ ಮಾತುಗಳು ಶಾಸ್ತ್ರದ ಅಂಗಳವನ್ನು ತುಳಿದುದು ಅಪೂರ್ವ. ಇದರಿಂದ ಆಗಿರುವ ನಷ್ಟ ಶಬ್ದಸಂಪತ್ತಿನದು ಮಾತ್ರವಲ್ಲ, ತಿಳಿವಳಿಕೆಯದೂ ಹೌದು.

2

ಮೊದಲು ಒಳನಾಡಿನ ಪ್ರಯೋಗವನ್ನು ನೋಡಬಹುದು. ಕೆರೆಯ ಅಂಗಗಳಲ್ಲಿ ಏರಿ, ತೂಬು, ಕೋಡಿ ಎಂಬ ಮೂರು ಮುಖ್ಯವಾದವು. ತೂಬಿನ ನೀರು ಗದ್ದೆಗೆ. ಕೋಡಿಯ ನೀರು ಮುಂದಿನ ಕೆರೆಗೆ. ಒಂದರ ಕೆಳಗೊಂದು ಸರಪಣಿಯಂತೆ ಕೆರೆಗಳನ್ನು ಕಟ್ಟಿದ ನಾಡಿನಲ್ಲಿ ಮೇಲಿನ ಕೆರೆಯ ಕೋಡಿ ಬಿದ್ದಿತೆಂಬುದು ಕೆಳಗಿನ ಊರಿಗೆ ಶುಭವಾರ್ತೆ. ‘ಕೆರೆ ಕೋಡಿ ಬಿದ್ದಿದೆ’, ‘ಕಣ್ಣೀರು ಕೋಡಿ ಹರಿಯಿತು’ ಎಂಬ ನುಡಿಗಟ್ಟುಗಳು ಇಲ್ಲಿಂದಲೇ ಹುಟ್ಟಿದುವು. ಕೋಡಿಹಳ್ಳಿಯೆಂಬ ಹೆಸರಿನ ಊರುಗಳು ಒಳನಾಡಿನಲ್ಲಿ ಒಂದೆರಡಲ್ಲ. 1894ರಲ್ಲಿ ಮಂಗಳೂರಿನಿಂದ ಹೊರಟ ಕಿಟೆಲರ ಕೋಶ ಮೊದಲ್ಗೊಂಡು ನಿಘಂಟುಗಳಲ್ಲಿ ಈ ಅರ್ಥಕ್ಕೆ ಮನ್ನಣೆ ಸಿಕ್ಕಿರುವುದು ನ್ಯಾಯವೇ ಸರಿ.

ಇನ್ನು ಕರಾವಳಿಯ ಪ್ರಯೋಗ. ಕುಂದಾಪುರದ ಕೋಡಿ ಪಂಚಗಂಗಾವಳಿಯ ನದೀಮುಖಕ್ಕೂ ಕಡಲಿಗೂ ನಡುವಿನ ನೆಲ. ಅದರ ಎದುರು ದಡದಲ್ಲಿ ಗಂಗೊಳ್ಳಿ. ಸ್ವರ್ಣಾ ಮತ್ತು ಸೀತಾ ನದಿಗಳು ಕಡಲನ್ನು ಸೇರುವಲ್ಲಿ ಕೋಡಿಬೆಂಗ್ರೆ. ಸಾಸ್ತಾನ, ಕೋಟಗಳ ಪಡುವಣಕ್ಕೆ ಕೋಡಿ ಕನ್ಯಾನ. ಶಾಂಭವಿ, ನಂದಿನಿಗಳ ಸಂಗಮದ ಬಾಯಲ್ಲಿ ಉತ್ತರದಿಂದ ಚಾಚಿದ ನೆಲ ಹೆಜಮಾಡಿ ಕೋಡಿ. ಅದಕ್ಕೆ ಇದಿರಾಗಿ ದಕ್ಷಿಣದಿಂದ ಬಂದುದು ಸಸಿಹಿತ್ಲು. ಬೇರೆಬೇರೆ ಹೊಳೆಗಳ ಬಾಯಲ್ಲಿ, ಒಂದಕ್ಕೊಂದು ಸಂಬಂಧವಿಲ್ಲದ ಊರುಗಳಲ್ಲಿ, ಒಂದೇ ಬಗೆಯ ನೆಲಕ್ಕೆ ಒಂದೇ ಹೆಸರು ಬಂದಿದೆ. ಅಂದಮೇಲೆ ಇದನ್ನು ಬರಿಯ ಅಂಕಿತನಾಮವೆಂದು ತಳ್ಳಿಹಾಕುವಂತಿಲ್ಲ. ‘ಹೆಜಮಾಡಿಯ ಕೋಡಿ’, ‘ಕುಂದಾಪುರದ ಕೋಡಿ’ ಎಂದು ಊರಿನ ಹೆಸರನ್ನು ವಿಶೇಷಣವಾಗಿ ಸೇರಿಸಿಯೇ ಗುರುತಿಸಬೇಕಾಗಿ ಬಂದಿರುವುದು ಇದು ರೂಢನಾಮವೆಂಬುದಕ್ಕೆ ಸಾಕಾದ ಸಾಕ್ಷ್ಯ.

ಕೆರೆಯ ಕೋಡಿಯೂ ಕಡಲ ಕೋಡಿಯೂ ಒಂದೇ ಶಬ್ದವೆ, ಅಥವಾ ಆಕಸ್ಮಿಕವಾಗಿ ಒಂದೇ ರೂಪವನ್ನು ತಾಳಿದ ಎರಡು ಶಬ್ದಗಳೆ? ಹರಿಯುವ ನೀರೇ ಈ ಶಬ್ದದ ಮೂಲಾರ್ಥವೆಂದು ಹೇಳಲು ಆಸ್ಪದವುಂಟು. ತೆಲುಗಿನಲ್ಲಿ ‘ಕೋಡು’ ಎಂದರೆ ಸಣ್ಣ ಹೊಳೆ, ನದಿಯ ಕವಲು. ಕೆರೆಯಲ್ಲಿ ನೀರು ಹೊರಬೀಳುವೆಡೆ ಕೋಡಿಯಾದರೆ, ಹೊಳೆಯ ನೀರು ಕಡಲಿಗೆ ಬೀಳುವೆಡೆಯೂ ಕೋಡಿಯೇ ಆಗಬಾರದೇಕೆ ಎಂಬ ವಾದ ಮೇಲುನೋಟಕ್ಕೆ ಸಮಂಜಸವಾಗಿ ಕಾಣುತ್ತದೆ. ಆದರೆ ಕರಾವಳಿಯ ಪ್ರಯೋಗವೇ ಇದಕ್ಕೆ ಅಡ್ಡಬರುತ್ತದೆ. ನೀರು ಹೊರಬೀಳುವ ಬಾಯಿಗೆ ಅಲ್ಲಿಯ ಜನ ‘ಅಳಿವೆ’ ಎನ್ನುತ್ತಾರೆ. ಕೋಡಿಯೆಂಬುದು ಆ ಬಾಯಿಯ ಪಕ್ಕದ ನೆಲದ ಹೆಸರು, ನೀರಿನದಲ್ಲ. ಕೋಡಿಯಲ್ಲಿ ಮನೆ ಕಟ್ಟಬಹುದು, ತೆಂಗು ನೆಡಬಹುದು. ಅಳಿವೆಯಲ್ಲಿ ದೋಣಿ ನಡೆಸಬಹುದು ಮಾತ್ರ.

ಆದುದರಿಂದ ಮೂಲಾರ್ಥವನ್ನು ‘ತುದಿ’ ಎಂದು ಹಿಡಿಯುವುದೇ ಯುಕ್ತ. ಬರೋ ಮತ್ತು ಎಮೆನೋ ಅವರ ದ್ರಾವಿಡ ಜ್ಞಾತಿಪದಕೋಶ (1961, ಪರಿಷ್ಕೃತ ಆವೃತ್ತಿ 1984) ಕನ್ನಡದ ‘ಕುಡಿ’, ತುಳುವಿನ ‘ಕೊಡಿ’, ಶಿಖರವೆಂಬ ಅರ್ಥದ ‘ಕೋಡು’ ಇವುಗಳನ್ನು ಒಂದೇ ಕುಟುಂಬದಲ್ಲಿ ಇರಿಸಿದೆ. ಇವೆಲ್ಲದರ ಸಮಾನಾಂಶ ಮೊನೆ, ತುದಿ, ಚಿಗುರು. ಕರಾವಳಿಯ ಊಟದ ಪಂಕ್ತಿಯಲ್ಲಿ ಬಾಳೆಯ ‘ಕೊಡಿ ಎಲೆ’ಗೆ ಇರುವ ಗೌರವ ಎಲ್ಲರಿಗೂ ತಿಳಿದದ್ದು. ಕುಂದಾಪುರಕ್ಕೆ ಸಮೀಪದ ಕೋಟೇಶ್ವರದ ತೇರಿಗೆ ‘ಕೊಡಿ ಹಬ್ಬ’ವೆಂದೇ ಹೆಸರು, ಹೊಸದಾಗಿ ಮದುವೆಯಾದವರು ಅಲ್ಲಿಂದ ಕಬ್ಬಿನ ಕೊಡಿಯನ್ನು ಮನೆಗೆ ಒಯ್ಯುತ್ತಾರೆ. ದೀರ್ಘ ಓಕಾರದ ಕೋಡಿಯೂ ಹ್ರಸ್ವ ಒಕಾರದ ಕೊಡಿಯೂ ಇಲ್ಲಿ ನೆರೆಹೊರೆಯಲ್ಲಿಯೇ ಬಾಳಿವೆ. ಹಾಗೆಂದು ಧ್ವನಿಸಾಮ್ಯವೊಂದನ್ನೇ ನಂಬಿ ಮಂಗಳೂರಿನ ಕೊಂಕಣಿ ಹೆಸರಾದ ಕೊಡಿಯಾಲವನ್ನೂ ಈ ಸಾಲಿಗೆ ಎಳೆದುತರುವುದು ಅವಸರದ ಮಾತಾದೀತು. ನೆಲದ ಆಕಾರ, ಜನರ ಬಳಕೆ, ಜ್ಞಾತಿಭಾಷೆಗಳ ಸಾಕ್ಷ್ಯ ಈ ಮೂರೂ ಕೂಡಿದಲ್ಲಿ ಮಾತ್ರ ಸ್ಥಳನಾಮದ ಅರ್ಥ ನಿಲ್ಲುತ್ತದೆ.

ತಮಿಳಿನ ಸಾಕ್ಷ್ಯ ಇನ್ನೂ ಸ್ಪಷ್ಟವಾದುದು. ಆ ಭಾಷೆಯಲ್ಲಿ ‘ಕೋಡಿ’ಗೆ ಕೊನೆ, ಅಂಚು ಎಂಬ ಅರ್ಥ ಇಂದಿಗೂ ಜೀವಂತವಾಗಿದೆ. ರಾಮೇಶ್ವರ ದ್ವೀಪದ ಕೊನೆಯ ಮರಳುನೆಲ ಧನುಷ್ಕೋಡಿ, ಎಂದರೆ ಬಿಲ್ಲಿನ ತುದಿ. ವೇದಾರಣ್ಯದ ದಕ್ಷಿಣದಲ್ಲಿ ಪೂರ್ವ ಕರಾವಳಿಯು ಪಶ್ಚಿಮಕ್ಕೆ ತಿರುಗುವ ಮೂಲೆ ಕೋಡಿಕ್ಕರೈ. ಕೆರೆಯ ಹೆಚ್ಚುವರಿ ನೀರಿನ ಕಟ್ಟಡಕ್ಕೆ ತಮಿಳರು ಹೇಳುವ ಹೆಸರು ‘ಕಲಿಂಗು’. ತೆಲುಗರ ಹೆಸರು ‘ಅಲುಗು’, ತೆಲಂಗಾಣದಲ್ಲಿ ‘ಮತ್ತಡಿ’. ತುದಿಯೆಂಬ ಅರ್ಥವನ್ನು ಕನ್ನಡವೂ ತಮಿಳೂ ಹಂಚಿಕೊಂಡಿರುವಾಗ, ಕೆರೆಯ ಅರ್ಥ ಕನ್ನಡದಲ್ಲಿ ವಿಶೇಷವಾಗಿ ಬೆಳೆದುದೆಂದು ತಿಳಿಯುವುದು ಸಹಜ. ಅದು ಬೆಳೆದ ಬಗೆಯನ್ನು ಊಹಿಸುವುದೂ ಕಷ್ಟವಲ್ಲ. ಹೆಚ್ಚಿನ ನೀರನ್ನು ಏರಿಯ ನಡುವೆ ಬಿಟ್ಟರೆ ಏರಿಯೇ ಕೊಚ್ಚಿಹೋದೀತು. ಆದಕಾರಣ ಸಾಮಾನ್ಯವಾಗಿ ಅದನ್ನು ಏರಿಯ ಒಂದು ತುದಿಯಲ್ಲಿ, ಗಟ್ಟಿನೆಲ ಸಿಕ್ಕುವಲ್ಲಿ ಬಿಡುತ್ತಾರೆ. ತುದಿಯಲ್ಲಿರುವುದರಿಂದ ಅದು ಕೋಡಿ. ಕಾಲಕ್ರಮದಲ್ಲಿ ಸ್ಥಾನವಾಚಿಯಾದ ಶಬ್ದ ಕಾರ್ಯವಾಚಿಯಾಯಿತು. ಹೀಗೆ ನೋಡಿದರೆ ಮೂಲಕ್ಕೆ ಹತ್ತಿರವಾದುದು ಕರಾವಳಿಯ ಪ್ರಯೋಗವೇ ಹೊರತು ನಿಘಂಟಿನ ಮೊದಲ ಅರ್ಥವಲ್ಲ.

3

ಕೋಡಿಯ ಅರ್ಥ ಪೂರ್ಣವಾಗಿ ತಿಳಿಯಬೇಕಾದರೆ ಅದನ್ನು ಒಂಟಿಯಾಗಿ ನೋಡಿದರೆ ಸಾಲದು. ಪಶ್ಚಿಮಘಟ್ಟದಿಂದ ಇಳಿದು ಬರುವ ಹೊಳೆಗಳು ಅಲ್ಪ ದೂರದಲ್ಲಿಯೇ ಕಡಲನ್ನು ಸೇರಬೇಕು. ಆದರೆ ಹಲವೆಡೆಗಳಲ್ಲಿ ಅವು ನೆಟ್ಟಗೆ ಹೋಗಿ ಸೇರುವುದಿಲ್ಲ. ಮರವಂತೆಯಲ್ಲಿ ಸೌಪರ್ಣಿಕೆ ಕಡಲಿನ ಮಗ್ಗುಲಿಗೇ ಬಂದು, ನಡುವೆ ಹೆದ್ದಾರಿಯಷ್ಟೇ ಅಗಲದ ನೆಲವಿರುವಾಗ, ಮತ್ತೆ ತಿರುಗಿ ದೂರ ಸಾಗಿ ಗಂಗೊಳ್ಳಿಯ ಬಾಯಿಯನ್ನು ಹುಡುಕಿಕೊಳ್ಳುತ್ತದೆ. ಉದ್ಯಾವರದ ಹೊಳೆ ಕಡಲಿಗೆ ಸಮಾನಾಂತರವಾಗಿ ಉತ್ತರಕ್ಕೆ ಹರಿದು ಮಲ್ಪೆಯಲ್ಲಿ ಸಮುದ್ರವನ್ನು ಸೇರುತ್ತದೆ. ಹೊಳೆಗೂ ಕಡಲಿಗೂ ನಡುವಣ ಉದ್ದನೆಯ ಮರಳುಪಟ್ಟಿಯೇ ಪಡುಕೆರೆ. ಅಲೆಗಳು ದಡಕ್ಕೆ ಓರೆಯಾಗಿ ಬಡಿಯುವುದರಿಂದ ಮರಳು ದಡದುದ್ದಕ್ಕೂ ಸರಿಯುತ್ತದೆ. ಹೊಳೆಯ ಬಾಯಿಗೆ ಬಂದಾಗ ನೇರವಾಗಿ ಮುಂದೆ ಬೆಳೆದು, ಹೊಳೆಯನ್ನು ಪಕ್ಕಕ್ಕೆ ತಳ್ಳುತ್ತದೆ. ಮಳೆಗಾಲದ ನೆರೆ ಹೊರಗೆ ಒತ್ತುತ್ತದೆ. ಕಡಲು ಒಳಗೆ ಒತ್ತುತ್ತದೆ. ಈ ಎರಡರ ಜಗ್ಗಾಟದಲ್ಲಿ ಹುಟ್ಟಿದುದು ಈ ನೆಲ.

ಇಂಥ ನೆಲವನ್ನು ಕರಾವಳಿಯ ನುಡಿ ಎಷ್ಟು ಎಚ್ಚರದಿಂದ ವಿಭಾಗಿಸಿದೆಯೆಂಬುದು ಗಮನಾರ್ಹ. ಹೊಳೆಗೂ ಕಡಲಿಗೂ ನಡುವೆ ಉದ್ದಕ್ಕೆ ಹಬ್ಬಿದ ಮರಳುನೆಲ ಬೆಂಗ್ರೆ. ಅದರ ತುದಿ ಕೋಡಿ. ತುದಿಯಾಚೆಗಿನ ನೀರಿನ ದಾರಿ ಅಳಿವೆ. ಮಂಗಳೂರಿನವರು ಇನ್ನೂ ಬಿಡಿಸಿ ‘ಅಳಿವೆ ಬಾಗಿಲು’ ಎನ್ನುತ್ತಾರೆ. ಮಲೆಯಾಳದಲ್ಲಿ ಇದರ ಸೋದರರೂಪವೇ ‘ಅಳಿ’, ‘ಅಳಿಮುಖ’. ಬೆಂಗ್ರೆಯ ಒಳಬದಿಯಲ್ಲಿ, ಹೊಳೆಯ ನಡುವೆ ನೀರು ಸುತ್ತುವರಿದ ನೆಲ ಕುದ್ರು. ಯಕ್ಷಗಾನ ಗೊಂಬೆಯಾಟಕ್ಕೆ ಹೆಸರಾದ ಉಪ್ಪಿನಕುದ್ರು ಅಂಥದೊಂದು. ಕೋಡಿಬೆಂಗ್ರೆಯೆಂಬ ಸಮಾಸದಲ್ಲಿ ಮೈಯೂ ತುದಿಯೂ ಎರಡೂ ಕೂಡಿವೆ. ಮಂಗಳೂರಿನ ಹಳೆಯ ಬಂದರಿಗೆ ಇದಿರಾಗಿ, ಫಲ್ಗುಣಿ ನದಿಗೂ ಕಡಲಿಗೂ ನಡುವೆ ಇರುವುದು ಬರಿಯ ‘ಬೆಂಗ್ರೆ’ಯೆಂದೇ ಪ್ರಸಿದ್ಧ. ದ್ವೀಪವೆಂಬ ಒಂದು ಶಬ್ದ ಸಿಂಹಳಕ್ಕೂ ಸಲ್ಲುತ್ತದೆ, ಉಪ್ಪಿನಕುದ್ರುವಿಗೂ ಸಲ್ಲುತ್ತದೆ. ಕುದ್ರುವೆಂದಾಗ ಮಾತ್ರ ಸುತ್ತಲಿನ ನೀರು ಹೊಳೆಯದೆಂಬುದು ತಿಳಿಯುತ್ತದೆ. ವ್ಯವಹಾರಕ್ಕಾಗಿ ಹುಟ್ಟಿದ ಪರಿಭಾಷೆಯ ಗುಣವೇ ಇದು: ದೋಣಿ ನಡೆಸುವವನು ಅಳಿವೆಯನ್ನೂ ಕೋಡಿಯನ್ನೂ ಒಂದೇ ಹೆಸರಿನಿಂದ ಕರೆದರೆ ದೋಣಿ ಮರಳಿಗೆ ಏರೀತು.

4

ಇಷ್ಟು ಸೂಕ್ಷ್ಮವಾದ ಶಬ್ದಗಳಿರುವಾಗ ಶಾಲೆಯ ಭೂಗೋಳಕ್ಕೆ ಬಂದುದು ಭೂಶಿರ. ಈ ಶಬ್ದವನ್ನು ಅನ್ಯಾಯವಾಗಿ ಹಳಿಯಬೇಕಾಗಿಲ್ಲ. ಗುಡ್‌ಹೋಪ್ ಭೂಶಿರ, ಕನ್ಯಾಕುಮಾರಿ ಭೂಶಿರ ಎಂದಾಗ ಅದು ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಕಡಲಿಗೆ ಇದಿರು ನಿಂತ ಬಂಡೆಯ ನೆಲಕ್ಕೆ ‘ನೆಲದ ತಲೆ’ಯೆಂಬ ರೂಪಕ ಒಪ್ಪುವಂಥದೇ. ಗೋಕರ್ಣದ ದಕ್ಷಿಣದಲ್ಲಿ ಗುಡ್ಡಗಳು ಸಮುದ್ರದೊಳಕ್ಕೆ ಇಳಿದು ನಡುನಡುವೆ ಸಣ್ಣ ಮರಳುದಂಡೆಗಳನ್ನು ತಬ್ಬಿಕೊಂಡಿರುವಲ್ಲಿಯೂ ಭೂಶಿರವೆನ್ನಬಹುದು. ಕಾಪುವಿನಲ್ಲಿ 1901ರಲ್ಲಿ ಕಟ್ಟಿದ ದೀಪಸ್ತಂಭ ಇಂದಿಗೂ ನಿಂತಿರುವುದು ಬಂಡೆಯ ಮೇಲೆ.

ದೋಷವಿರುವುದು ಬಂಡೆಗೆ ಸಲ್ಲುವ ಶಬ್ದವನ್ನು ಮರಳಿಗೂ ಹೊದಿಸುವುದರಲ್ಲಿ. ಬಂಡೆಯ ಭೂಶಿರವನ್ನು ಕಡಲು ಸವೆಸುತ್ತದೆ. ಅದೂ ತಲೆಮಾರುಗಳ ಲೆಕ್ಕಕ್ಕೆ ಸಿಕ್ಕದಷ್ಟು ನಿಧಾನವಾಗಿ. ಕೋಡಿಯನ್ನಾದರೋ ಕಡಲೇ ಕಟ್ಟುತ್ತದೆ, ಕಡಲೇ ಕೆಡಿಸುತ್ತದೆ. ಮಳೆಗಾಲದಲ್ಲಿ ದಡದ ಮರಳು ಕರಗುತ್ತದೆ, ಬೇಸಗೆಯಲ್ಲಿ ಮತ್ತೆ ಕೂಡುತ್ತದೆ. ತುದಿ ಒಂದು ಕಾಲದಲ್ಲಿ ಮುಂದಕ್ಕೆ ಬೆಳೆಯುತ್ತದೆ, ಇನ್ನೊಂದು ಕಾಲದಲ್ಲಿ ಹಿಂದಕ್ಕೆ ಸರಿಯುತ್ತದೆ. ಶಿರವೆಂಬ ಶಬ್ದದಲ್ಲಿ ಈ ಚಲನೆಗೆ ಎಡೆಯಿಲ್ಲ. ಚಿಗುರಿನ ಸಂಬಂಧವುಳ್ಳ ಕೋಡಿಯಲ್ಲಿ ಬೆಳೆಯುವ ಅರ್ಥವೂ ಉಂಟು, ಕೊನೆಗೊಳ್ಳುವ ಅರ್ಥವೂ ಉಂಟು. ಕೆಲವು ಬರೆಹಗಾರರು ‘ಮರಳುದಿಬ್ಬ’ವೆಂದೋ ‘ಮರಳಿನ ನಾಲಿಗೆ’ಯೆಂದೋ ಹೇಳಿ ತೊಂದರೆಯಿಂದ ಪಾರಾಗಲು ಯತ್ನಿಸುವುದುಂಟು. ದಿಬ್ಬ ಎತ್ತರವನ್ನು ಹೇಳುತ್ತದೆ, ಚಾಚುವಿಕೆಯನ್ನಲ್ಲ. ನಾಲಿಗೆಯೆಂಬುದು ಇಂಗ್ಲಿಷ್ ಮಾತಿನ ನೆರಳು. ಮನೆಯಲ್ಲಿಯೇ ಇರುವ ಹೆಸರನ್ನು ಮರೆತು ನೆರೆಮನೆಯಲ್ಲಿ ಹುಡುಕಿದಂತೆ ಇದು.

ಹೀಗಾದುದಕ್ಕೆ ಚಾರಿತ್ರಿಕ ಕಾರಣವೂ ಇಲ್ಲದಿಲ್ಲ. ಕನ್ನಡದ ಕರಾವಳಿ ಬಹುಕಾಲ ಒಂದು ಆಡಳಿತದಲ್ಲಿ ಇರಲಿಲ್ಲ. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿತು. ದಕ್ಷಿಣ ಕನ್ನಡ ಮದರಾಸಿನಲ್ಲಿಯೇ ಉಳಿಯಿತು. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಈ ಸ್ಥಿತಿ ಮುಂದುವರಿಯಿತು. ಪಠ್ಯಗಳ ಭಾಷೆ ರೂಪುಗೊಂಡುದು ಬಹುಮಟ್ಟಿಗೆ ಮೈಸೂರು, ಧಾರವಾಡಗಳಲ್ಲಿ. ಕಡಲನ್ನು ಕಾಣದ ಊರುಗಳಲ್ಲಿ. ಅಲ್ಲಿಯ ವಿದ್ವಾಂಸರಿಗೆ ಕೋಡಿಯೆಂದರೆ ಕೆರೆಯ ನೆನಪಾದುದು ಸ್ವಾಭಾವಿಕ. ಅವರು ಇಂಗ್ಲಿಷಿನಿಂದ ಸಂಸ್ಕೃತಕ್ಕೂ ಸಂಸ್ಕೃತದಿಂದ ಕನ್ನಡಕ್ಕೂ ದಾರಿ ಮಾಡಿಕೊಂಡರು. ಬೆಂಗ್ರೆಯ ಮೊಗವೀರನ ಬಾಯಿಗೆ ಕಿವಿಗೊಡುವ ಸಂದರ್ಭ ಅವರಿಗೆ ಒದಗಲಿಲ್ಲ. ತುಳುವಿಗೆ 1886ರಲ್ಲಿ ಮೆನ್ನರರ ಕೋಶವೂ, 1988ರಿಂದ 1997ರವರೆಗೆ ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದ ಆರು ಸಂಪುಟಗಳ ನಿಘಂಟೂ ದೊರೆತಿವೆ. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟು 1995ರಲ್ಲಿ ಪೂರ್ಣಗೊಂಡಿತು. ಸಾಮಗ್ರಿಯ ಕೊರತೆಯೆಂಬ ನೆವ ಈಗ ನಿಲ್ಲದು.

ಹೊರನಾಡಿನಲ್ಲಿ ಈ ತೊಡಕಿಗೆ ಇನ್ನೊಂದು ಮುಖವುಂಟು. ಮುಂಬಯಿಯ ಕನ್ನಡಿಗರು ಠಾಣೆಯ ಮತ್ತು ವಸಯಿಯ ನೀರನ್ನು ಮರಾಠಿಯ ‘ಖಾಡಿ’ಯೆಂಬ ಹೆಸರಿನಿಂದಲೇ ಬಲ್ಲರು. ಬರೆಯುವಾಗ ಮಾತ್ರ ಅದನ್ನು ‘ಕೊಲ್ಲಿ’ ಮಾಡುವವರುಂಟು. ಬಂಗಾಳದ ಮಹಾಸಾಗರಭಾಗಕ್ಕೂ ಠಾಣೆಯ ಕೆಸರುದಂಡೆಯ ಕಿರುನೀರಿಗೂ ಒಂದೇ ಹೆಸರು! ಕುಂದಾಪುರ, ಉಡುಪಿಗಳಿಂದ ಬಂದು ಹೋಟೆಲುಗಳಲ್ಲಿ ದುಡಿದು ಕೋಟೆಯ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತ ಪೀಳಿಗೆಗೆ ಅಳಿವೆಯೂ ಕೋಡಿಯೂ ತಾಯ್ನುಡಿಯ ಮಾತುಗಳೇ ಆಗಿದ್ದುವು. ಕಲಿತ ಕನ್ನಡದಲ್ಲಿ ಅವುಗಳಿಗೆ ಸ್ಥಳವಿಲ್ಲದ್ದರಿಂದ ಅವು ಗ್ರಾಮ್ಯವೆಂಬ ಭಾವನೆ ಬೇರೂರಿತು. ಮಕ್ಕಳ ಕಾಲಕ್ಕೆ ಅವು ಊರಿನ ವಿಳಾಸದಲ್ಲಿ ಮಾತ್ರ ಉಳಿದುವು.

5

ಹೆಸರಿನ ಚರ್ಚೆಯಿಂದ ಪ್ರಯೋಜನವೇನೆಂದು ಕೇಳುವವರಿಗೆ ಧನುಷ್ಕೋಡಿಯ ಇತಿಹಾಸವೇ ಉತ್ತರ. 1914ರಲ್ಲಿ ಪಾಂಬನ್ ಸೇತುವೆ ಸಿದ್ಧವಾದಮೇಲೆ ರೈಲು ಆ ಮರಳುತುದಿಯವರೆಗೆ ಹೋಯಿತು; ಅಲ್ಲಿಂದ ಸಿಂಹಳಕ್ಕೆ ಹಡಗು. ನಿಲ್ದಾಣ, ಅಂಚೆಕಚೇರಿ, ದೇವಾಲಯ, ಇಗರ್ಜಿಗಳೆಲ್ಲ ಬೆಳೆದುವು. 1964ರ ಡಿಸೆಂಬರ್ 22ರ ರಾತ್ರಿ ಎದ್ದ ಚಂಡಮಾರುತ ಊರನ್ನೂ, ಊರಿಗೆ ಬರುತ್ತಿದ್ದ ರೈಲನ್ನೂ ಅದರಲ್ಲಿದ್ದವರನ್ನೂ ನುಂಗಿತು. ಚಂಡಮಾರುತ ಎಲ್ಲಿಯೂ ಬೀಸಬಹುದು, ನಿಜ. ಆದರೆ ಎರಡು ಕಡೆಯೂ ನೀರಿರುವ ತಗ್ಗಾದ ಮರಳಿನ ತುದಿಯಲ್ಲಿ ಅದಕ್ಕೆ ತಡೆಯಿಲ್ಲ. ಆ ನೆಲದ ಸ್ವಭಾವವನ್ನು ಊರಿನ ಹೆಸರು ಮೊದಲೇ ಹೇಳಿತ್ತು.

ಕನ್ನಡ ಕರಾವಳಿಯ ಹೊಳೆಬಾಯಿಗಳಲ್ಲಿಯೂ ಮನುಷ್ಯನ ಎಣಿಕೆಯನ್ನು ಮರಳು ಮತ್ತೆಮತ್ತೆ ತಪ್ಪಿಸಿದೆ. ಮಂಗಳೂರಿನ ಹಳೆಯ ಬಂದರಿಗೆ ದೊಡ್ಡ ಹಡಗುಗಳು ಬರಲಾಗದೆ ಹೊರಗಡಲಿನಲ್ಲಿ ಲಂಗರು ಹಾಕುತ್ತಿದ್ದುದು ಅಳಿವೆಯ ಮರಳಿನಿಂದ. 1974ರಲ್ಲಿ ಮಹಾಬಂದರೆಂದು ಘೋಷಿತವಾದ ನವಮಂಗಳೂರು ಬಂದರನ್ನು ಯಂತ್ರಜ್ಞರು ಅಳಿವೆಯನ್ನು ಬಿಟ್ಟು, ಪಣಂಬೂರಿನಲ್ಲಿ ದಡದ ಒಳಗೆ ತೋಡಿದರು. ಈಚಿನ ದಶಕಗಳಲ್ಲಿ ಅನೇಕ ಅಳಿವೆಗಳ ಬದಿಯಲ್ಲಿ ಕಲ್ಲಿನ ಒಡ್ಡುಗಳು ಎದ್ದಿವೆ. ದೋಣಿಗಳಿಗೆ ಇವುಗಳಿಂದ ಅನುಕೂಲವುಂಟು. ಆದರೆ ದಡದುದ್ದಕ್ಕೂ ಸರಿಯುವ ಮರಳನ್ನು ಒಡ್ಡು ಒಂದು ಕಡೆ ತಡೆದರೆ ಇನ್ನೊಂದು ಕಡೆ ಅದು ಕಡಿಮೆಯಾಗಲೇಬೇಕು. ಒಂದು ಊರಿನ ಕೋಡಿ ಇನ್ನೊಂದು ಊರಿನ ದಡದಿಂದ ಬಂದ ಮರಳೆಂಬುದನ್ನು ಅರಿಯದ ಚರ್ಚೆ ಪ್ರತಿಯೊಂದು ಮಳೆಗಾಲದಲ್ಲಿಯೂ ಕಲ್ಲು ಸುರಿಯುವ ಬೇಡಿಕೆಯಲ್ಲಿಯೇ ಮುಗಿಯುತ್ತದೆ.

1991ರಲ್ಲಿ ಮೊದಲು ಹೊರಟು, 2011 ಮತ್ತು 2019ರಲ್ಲಿ ಹೊಸದಾಗಿ ರೂಪುಗೊಂಡ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಇಂಥ ನೆಲಗಳ ಮೇಲಿನ ಕಟ್ಟಡಗಳಿಗೆ ಮಿತಿಯನ್ನು ಹಾಕುತ್ತದೆ. ಮರಳುದಿಬ್ಬ, ಕಾಂಡ್ಲಾಕಾಡು, ಆಮೆ ಮೊಟ್ಟೆಯಿಡುವ ದಂಡೆ ಮೊದಲಾದುವನ್ನು ಅದು ವಿಂಗಡಿಸುತ್ತದೆ. ಈ ವಿಂಗಡಣೆಯ ಬಗ್ಗೆ ಅಭಿಪ್ರಾಯ ಹೇಳಬೇಕಾದವರು ಬೆಂಗ್ರೆಯ ಜನ. ಅವರ ಮುಂದೆ ಇಡುವ ಕನ್ನಡದಲ್ಲಿ ಅವರದೇ ಶಬ್ದಗಳಿದ್ದರೆ ಚರ್ಚೆ ಅವರದಾಗುತ್ತದೆ. ಭೂಶಿರವೆಂದರೆ ಅದು ಯಾವುದೋ ದೂರದ ನೆಲದ ಮಾತೆಂದು ಅವರು ಸುಮ್ಮನಿರುವ ಸಂಭವವೇ ಹೆಚ್ಚು.

6

ಆದುದರಿಂದ ಭೂಶಿರವನ್ನು ಗಡೀಪಾರು ಮಾಡಬೇಕೆಂದು ಅರ್ಥವಲ್ಲ. ಬಂಡೆಯ ನೆಲಕ್ಕೆ ಭೂಶಿರ, ಮರಳಿನ ತುದಿಗೆ ಕೋಡಿ ಎಂದು ವಿಷಯವಿಭಾಗ ಮಾಡಿಕೊಂಡರೆ ಎರಡು ಶಬ್ದಗಳೂ ಬದುಕುತ್ತವೆ. ಕೆರೆಯ ಕೋಡಿಯೊಡನೆ ಗೊಂದಲವಾದೀತೆಂಬ ಆಕ್ಷೇಪಕ್ಕೆ ‘ಕೆರೆಕೋಡಿ’, ‘ಕಡಲಕೋಡಿ’ ಎಂಬ ಸಮಾಸಗಳೇ ಪರಿಹಾರ. ಈ ತೊಡಕನ್ನು ಭಾಷೆ ಮೊದಲೂ ಸಹಿಸಿಕೊಂಡಿದೆ: ‘ಹಿನ್ನೀರು’ ಎಂದರೆ ಕರಾವಳಿಯಲ್ಲಿ ಉಬ್ಬರದ ನೀರು ನಿಲ್ಲುವ ತಾಣ, ಲಿಂಗನಮಕ್ಕಿಯಲ್ಲಿ ಅಣೆಕಟ್ಟಿನ ಹಿಂದೆ ನಿಂತ ಶರಾವತಿ, ಪ್ರಸಂಗವನ್ನು ನೋಡಿ ಜನ ಅರ್ಥ ಮಾಡಿಕೊಳ್ಳುತ್ತಾರೆ. ಬೆಂಗ್ರೆ, ಅಳಿವೆ, ಕುದ್ರುಗಳಿಗಾದರೋ ಪ್ರತಿಸ್ಪರ್ಧಿಗಳೇ ಇಲ್ಲ. ಅವುಗಳನ್ನು ಭೂಗೋಳದ ಪುಸ್ತಕಕ್ಕೆ ಹಾಗೆಯೇ ತೆಗೆದುಕೊಳ್ಳಬಹುದು.

‘ಮರಳಿ ಮಣ್ಣಿಗೆ’ಯ ವಿಮರ್ಶೆಯಲ್ಲಿ ಮೂರು ತಲೆಮಾರುಗಳ ಕಥೆ, ಹೆಂಗಸರ ದುಡಿಮೆ, ಹಳೆಯದು ಹೊಸದರ ಘರ್ಷಣೆ ಇವುಗಳ ಮಾತು ಸಾಕಷ್ಟು ಬಂದಿದೆ. ಊರಿನ ಹೆಸರಿನ ಅರ್ಥವನ್ನು ಅದಕ್ಕೆ ಸೇರಿಸಿಕೊಂಡರೆ ಇವೆಲ್ಲ ಒಂದೇ ನೆಲದಲ್ಲಿ ಬೇರುಬಿಟ್ಟಂತೆ ಕಾಣುತ್ತವೆ. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ. ನಡುವೆ ಅಷ್ಟಿಷ್ಟು ಮಣ್ಣು. ಅಲ್ಲಿ ಬೆಳೆಯುವ ಭತ್ತ ಹೆಚ್ಚು ಬಾಯಿಗಳಿಗೆ ಸಾಲದು. ಕೋಡಿಯಿಂದ ಮುಂದಕ್ಕೆ ಹೋಗಲು ನೆಲವಿಲ್ಲ. ಹೋಗುವವನು ಊರನ್ನೇ ಬಿಟ್ಟುಹೋಗಬೇಕು. ರಾಮ ಐತಾಳರ ಮನೆಯ ಮೂರನೆಯ ತಲೆಮಾರು ಮದರಾಸು ಮೊದಲಾದ ನಗರಗಳನ್ನು ಕಂಡು ಮತ್ತೆ ಅದೇ ಮಣ್ಣಿಗೆ ಮರಳುವಾಗ, ಅದು ಸುಭದ್ರವಾದ ನೆಲಕ್ಕೆ ಮರಳಿದುದಲ್ಲ; ಕಡಲು ಎಂದು ಬೇಕಾದರೂ ಹಿಂತೆಗೆದುಕೊಳ್ಳಬಹುದಾದ ನೆಲಕ್ಕೆ, ಅದನ್ನು ತಿಳಿದೂ ಮರಳಿದುದು. ಕೆರೆಯ ಕೋಡಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಓದುವವನಿಗೆ ಈ ಮರಳುವಿಕೆಯ ಬೆಲೆ ಪೂರ್ತಿಯಾಗಿ ಸಿಕ್ಕದು.

ಹೊರನಾಡಿನ ಕನ್ನಡಿಗರಲ್ಲಿ ಅನೇಕರ ಹಿರಿಯರು ಇಂಥ ಕೋಡಿಗಳಿಂದಲೂ ಬೆಂಗ್ರೆಗಳಿಂದಲೂ ಹೊರಟವರು. ಅವರ ಮನೆಗಳಲ್ಲಿ ಈ ಮಾತುಗಳನ್ನು ಆಡಬಲ್ಲ ವೃದ್ಧರು ಇನ್ನೂ ಇದ್ದಾರೆ. ಯಾವ ಹೊಳೆಬಾಯಿಗೆ ಯಾವ ಹೆಸರು, ಯಾವ ತುದಿ ಯಾರ ಕಾಲದಲ್ಲಿ ಎಲ್ಲಿತ್ತು ಎಂಬುದನ್ನು ಅವರಿಂದ ಕೇಳಿ ಬರೆದಿಡುವ ಕೆಲಸಕ್ಕೆ ವಿಶ್ವವಿದ್ಯಾನಿಲಯದ ನೆರವು ಬೇಕಾಗಿಲ್ಲ. ಒಂದು ಸಂಜೆಯ ಬಿಡುವು, ಒಂದು ಲೇಖನಿ ಸಾಕು. ನೆಲ ಸರಿದಮೇಲೂ ಹೆಸರು ಉಳಿದರೆ ನೆಲದ ಚರಿತ್ರೆಯನ್ನು ಮತ್ತೆ ಕಟ್ಟಬಹುದು. ಹೆಸರೂ ಹೋದರೆ ಆ ದಾರಿ ಮುಚ್ಚಿದಂತೆಯೇ.